ನಡುಮನೆಗೆ ಬಂದ ಬಿಸಿಲು

ಇಸ್ರಾರ್ ಫ್ಲಾಶನ್ನು ಸ್ಟುಡಿಯೋದಲ್ಲೇ ಬಿಟ್ಟು ಹೊರಟಿದ್ದೇ ಎಡವಟ್ಟಾಯಿತು.

ಚನ್ನಪಟ್ಟಣದ ಅರ್ಧ ಊರಿನ ಮದುವೆ ಫೋಟೋ ತೆಗೆದವನು ಅವನು. ಗಂಡು ಹೆಣ್ಣಿನ ಮುಖಕ್ಕೆ ಫ್ಲಾಶ್ ಹೊಡೆದೂ ಹೊಡೆದೂ ಬೇಸತ್ತಿದ್ದ. ಅಷ್ಟರಲ್ಲಿ ಬೆಂಗಳೂರಿನ ಸಂಘವೊಂದು ಹಳೇ ಮನೆಗಳ ಒಳಾಂಗಣದ ಫೋಟೋ ಸ್ಪರ್ಧೆ ಇಟ್ಟಿತು. ಷರತ್ತು ಒಂದೇ: ಕಿಟಕಿಯಿಂದ ಬರುವ ಬೆಳಕು ಬಿಟ್ಟರೆ ಬೇರೆ ಬೆಳಕು ಕೂಡದು.

"ಗೆದ್ರೆ ನನ್ನನ್ನ ಕಲಾವಿದ ಅನ್ಬೇಕು," ಎಂದ ಹೆಂಡತಿ ಮೆಹ್ರೀನ್‌ಗೆ.

"ಗೆದ್ದು ಬನ್ನಿ. ಅಲ್ಲಿಗಂಟ ಫೋಟೋದವರೇ," ಎಂದಳು ಅವಳು.

ಕೊನೆಯ ದಿನ ಮಧ್ಯಾಹ್ನ ಅವನು ಮಾಗಡಿ ಹತ್ತಿರದ ಹಳ್ಳಿಯೊಂದರಲ್ಲಿ ಗಂಗಹನುಮಯ್ಯನ ಮನೆಗೆ ಬಂದ. ಕುರಿ ಸಾಕುವ ಮನೆತನ. ಮುತ್ತಾತನ ಕಾಲದ ಮನೆ. ಕತ್ತಲ ನಡುಮನೆಯಲ್ಲಿ ಕೆತ್ತನೆಯ ಕಂಬ, ಸಾವನದುರ್ಗದ ಕಡೆಗೆ ಒಂದೇ ಒಂದು ಕಿಟಕಿ.

ಆ ಕಿಟಕಿಗೆ ಗಂಗಹನುಮಯ್ಯನ ಹೆಂಡತಿ ಮುನಿತಾಯಮ್ಮ ಗುಲಾಬಿ ಹೂವಿನ ಪ್ಲಾಸ್ಟಿಕ್ ಪರದೆ ಕಟ್ಟಿದ್ದಳು. "ಪೋಟ ತೆಗಿತೀಯ ಅಂತ ಒಸಿ ಸಿಂಗಾರ ಮಾಡಿವ್ನಿ ಕಣಪ್ಪ."

ಇಸ್ರಾರ್ ಪರದೆ ಬಿಚ್ಚಿದ. ತಿರುಗಿ ನೋಡಿದರೆ ಗಂಗಹನುಮಯ್ಯ ಇಸ್ತ್ರಿ ಅಂಗಿ ತೊಟ್ಟು, ಕಂಬವನ್ನು ಹೊಸ ನೆಂಟನಂತೆ ತಬ್ಬಿ ನಿಂತಿದ್ದ.

"ಯಜಮಾನ್ರೇ, ಬರೀ ಮನೆ ಫೋಟೋ ಬೇಕು."

"ಮನೆ ನಂದೇ ಅಲ್ವೇನ್ಲಾ?"

ಅವನಿಗೊಂದು ಬೇರೆ ಫೋಟೋ ತೆಗೆದು ಕಳಿಸುವಷ್ಟರಲ್ಲಿ ಅಕ್ಕಪಕ್ಕದವರು ನೆರೆದರು. ಒಳಗೆ ಬಂದವರೆಲ್ಲ, "ಇದೇನ್ಲಾ, ಕತ್ಲಲ್ಲಿ ಕುಂತಿದೀರ?" ಎನ್ನುತ್ತ ಟ್ಯೂಬ್‌ಲೈಟ್ ಹಾಕಿದರು. ಇಸ್ರಾರ್ ಆರಿಸಿದ. ಅವರು ಹಾಕಿದರು. ಕೊನೆಗೆ ಅವನು ಮೀಟರಿನ ಫ್ಯೂಸನ್ನೇ ಕಿತ್ತು ಜೇಬಿಗಿಟ್ಟುಕೊಂಡ. ಪಕ್ಕದ ಮನೆಯಲ್ಲಿ ಮಿಕ್ಸಿ ನಿಂತಿತು. ಕಿತ್ತದ್ದು ಅವರ ಫ್ಯೂಸು. ಆ ಜಗಳ ಮುಗಿಯುವ ಹೊತ್ತಿಗೆ ಮೇಯಲು ಹೋಗಿದ್ದ ಕುರಿಗಳು ವಾಪಸ್ಸು ಬಂದು ನಡುಮನೆಯಲ್ಲೇ ಬೀಡುಬಿಟ್ಟವು.

ಕೊನೆಯ ಕುರಿಯನ್ನು ಹೊರದಬ್ಬಿದಾಗ ಸೂರ್ಯ ಮೋಡದೊಳಗೆ ಹೋದ. ಮನೆ ಮಸಿ ಮಡಕೆಯಾಯಿತು.

ಇಸ್ರಾರ್ ಕ್ಯಾಮೆರಾ ಪಕ್ಕದಲ್ಲಿ ಕುಸಿದು ಕೂತ. "ಇವತ್ತೇ ಕೊನೆ ದಿನ. ಆ ಕಿಟ್ಕೀಲಿ ಒಸಿ ಬೆಳಕು ಬಂದಿದ್ರೆ ಸಾಕಿತ್ತು."

ಮೂಲೆಯಲ್ಲಿ ನಿಂತಿದ್ದ ಪಕ್ಕದ ಮನೆಯ ಪ್ರಕಾಶ, ಫ್ಯೂಸಿನ ಜಗಳದವನು, ತಲೆ ಕೆರೆದುಕೊಂಡು ಹೊರಗೆ ಹೋದ. ಉಳಿದವರೂ ಒಬ್ಬೊಬ್ಬರಾಗಿ ಚದುರಿದರು.

ಸ್ವಲ್ಪ ಹೊತ್ತಿಗೆ ಕಿಟಕಿ ಬೆಳಗಿತು. ಹೊಂಬಣ್ಣದ ಬೆಳಕು ಸರಳುಗಳ ನಡುವೆ ತೂರಿ ಬಂದು, ಕಂಬದ ಹೂಬಳ್ಳಿಯನ್ನು ತಡವಿ, ತೊಲೆಗಳ ತನಕ ಏರಿತು. ಇಸ್ರಾರ್ ಉಸಿರು ಬಿಗಿಹಿಡಿದು ಒತ್ತಿದ. ಅಲ್ಲಿಂದಲೇ ಫೋನಿಗೆ ಹಾಕಿ, ಸ್ಪರ್ಧೆಗೆ ಕಳಿಸಿಬಿಟ್ಟ.

ಮುನಿತಾಯಮ್ಮ ಕೊಟ್ಟ ಕಾಫಿ ಕುಡಿಯುತ್ತಿರುವಾಗಲೇ ಸಂಘದ ಅಧ್ಯಕ್ಷರ ಫೋನ್ ಬಂತು.

"ಅದ್ಭುತ ರೀ! ಬಿಸಿಲು ಕೆಳಗಿನಿಂದ ಮೇಲಕ್ಕೆ ಹತ್ತೋದನ್ನ ನಾನು ಎಲ್ಲೂ ನೋಡಿಲ್ಲ. ಆ ಮನೆ ಕಟ್ಟಿದವನು ಮಹಾ ಜಾಣ. ಬಹುಮಾನ ನಿಮಗೇ ಅನ್ಕೊಳ್ಳಿ. ನಾಳೆ ಸಂಜೆ ತೀರ್ಪುಗಾರರೆಲ್ಲ ಅಲ್ಲಿಗೇ ಬರ್ತೀವಿ, ಕಣ್ಣಾರೆ ನೋಡ್ಬೇಕು."

ಇಸ್ರಾರ್ ತಕ್ಷಣ ಮೆಹ್ರೀನ್‌ಗೆ ಫೋನ್ ಮಾಡಿ, "ಕಲಾವಿದ ಮಾತಾಡ್ತಿದೀನಿ. ನಾಳೆ ತೀರ್ಪುಗಾರರೆಲ್ಲ ಇಲ್ಲಿಗೇ ಬರ್ತಾರಂತೆ," ಎಂದ. ಆಮೇಲೆ ಆ ಸೂರ್ಯನಿಗೊಂದು ಸಲಾಮು ಹೊಡೆಯೋಣವೆಂದು ಹಿತ್ತಲಿಗೆ ಹೋದ.

ಆಕಾಶ ಸ್ಲೇಟಿನಂತೆ ಕಪ್ಪಾಗಿತ್ತು. ಕಿಟಕಿಗೆ ಮೂತಿ ಆನಿಸಿಕೊಂಡು ಒಂದು ಟ್ರ್ಯಾಕ್ಟರು ನಿಂತಿತ್ತು. ಎರಡೂ ಹೆಡ್‌ಲೈಟು ಉರಿಯುತ್ತಿದ್ದವು. ಸೀಟಿನ ಮೇಲೆ ಪ್ರಕಾಶ ಕೂತಿದ್ದ.

"ಆಯ್ತಾ ಸಾ?" ಎಂದು ಅವನು ಲೈಟು ಆರಿಸಿದ. "ನಾಳಿಕ್ಕೂ ಬತ್ತಾರಂತಲ್ಲ ಯಾರೋ. ಎಷ್ಟೊತ್ಗೆ ಬೇಕು ಬಿಸ್ಲು?"