ಎಮ್ಮೆಗೆ ಕಟ್ಟಿದ ಹುಲಿ

ಸುಳ್ಳು ಹೇಳುವುದಕ್ಕೂ ಸ್ವಲ್ಪ ತಾಲೀಮು ಬೇಕು. ನನಗೆ ಅದಿರಲಿಲ್ಲ. ಜೀವನದಲ್ಲಿ ಹೇಳಿದ ಸಣ್ಣಪುಟ್ಟ ಸುಳ್ಳುಗಳೆಲ್ಲ ಅಲ್ಲಲ್ಲೇ ಸಿಕ್ಕಿಬಿದ್ದವು, ಅವುಗಳ ಲೆಕ್ಕ ಅಲ್ಲಿಗೇ ಮುಗಿಯಿತು. ಸಿಕ್ಕಿಬೀಳದೆ ಉಳಿದದ್ದು ಒಂದೇ ಒಂದು. ಅದನ್ನು ಹೇಳಿದಾಗ ನನ್ನ ಮೈತುಂಬ ದೋಸೆ ಹಿಟ್ಟು ಮೆತ್ತಿಕೊಂಡಿತ್ತು. ಈಗ ಎಪ್ಪತ್ತು ದಾಟಿದ ಮೇಲೆ ಅದನ್ನು ನಿಮ್ಮೆದುರು ಒಪ್ಪಿಕೊಳ್ಳೋಣವೆಂದು ಕೂತಿದ್ದೇನೆ.

ಮೆಟ್ರಿಕ್ ಮುಗಿಸಿ ಉಡುಪಿಯಿಂದ ಮುಂಬಯಿಗೆ ಬಂದ ನಾನು ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಸೇರಿಕೊಂಡು, ಕೊನೆಗೆ ಅದರ ಗಾಡಿಯ ಡ್ರೈವರ್ ಆದೆ. ನಮ್ಮ ಧನಿಗಳು ಬೊರಿವಲಿಯಲ್ಲೂ ಒಂದು ಹೋಟೆಲು ತೆರೆದಿದ್ದರು. ಎರಡಕ್ಕೂ ಹಿಟ್ಟು ರುಬ್ಬುವುದು ಆಂಟಾಪ್ ಹಿಲ್‌ನ ಒಂದೇ ಗೋದಾಮಿನಲ್ಲಿ. ರಾತ್ರಿ ರುಬ್ಬಿ ಡಬ್ಬಗಳಿಗೆ ತುಂಬಿಟ್ಟ ಹಿಟ್ಟನ್ನು ಬೆಳಿಗ್ಗೆ ತಲುಪಿಸುವುದು ನನ್ನ ಕೆಲಸ. ಗಾಡಿ ಎಂದರೆ ಮಿಲಿಟರಿ ಹರಾಜಿನಲ್ಲಿ ಕೊಂಡ ಜೀಪು. ನೀವು ನೆನೆಯುವ ಚಿಕ್ಕ ಜೀಪಲ್ಲ. ಹಿಂದೆ ಹತ್ತು ಜನ ಸಿಪಾಯಿಗಳು ಕೂರುವಂಥದ್ದು, ಬಾಗಿಲು ತೆಗೆಯಲು ಭುಜ ಕೊಡಬೇಕು. ಅದು ಯಾವ ಯುದ್ಧಕ್ಕೆ ಹೋಗಿತ್ತೋ ಗೊತ್ತಿಲ್ಲ, ಆದರೆ ಹೊರಟ ಯುದ್ಧ ಮುಗಿದ ಮೇಲೆಯೇ ತಲುಪಿರಬೇಕು. ಜೋಗೇಶ್ವರಿಯ ಏರಿನಲ್ಲಿ ದಿನಾ ಸೈಕಲ್ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡ ಭಯ್ಯಾ ಒಬ್ಬ ನನ್ನನ್ನು ಹಿಂದೆ ಹಾಕುತ್ತಿದ್ದ. ಹಾಕಿ ಸುಮ್ಮನೆ ಹೋಗುವವನಲ್ಲ. ತಿರುಗಿ ನೋಡಿ, "ಅರೆ ಅಣ್ಣಾ, ಧಕ್ಕಾ ಲಗಾವೂಂ ಕ್ಯಾ?" ಎನ್ನುತ್ತಿದ್ದ, ತಳ್ಳಿಕೊಡಲೇ ಎಂದು.

ಬಡತನ, ಚಾಳಿನ ನೀರಿನ ಸಾಲು, ಧನಿಗಳ ಬೈಗುಳ ಇವನ್ನೆಲ್ಲ ನುಂಗಿಕೊಂಡವನಿಗೆ ಈ ಒಂದು ಮಾತು ಗಂಟಲಲ್ಲಿ ಇಳಿಯಲಿಲ್ಲ. ಒಂದೇ ಒಂದು ದಿನ ಅವನನ್ನು ಆ ಏರಿನಲ್ಲಿ ದಾಟಿ ಹೋಗಬೇಕು. ಬೇರೆಯವರು ದೇವರ ಹತ್ತಿರ ಸಂತಾನ ಕೇಳುತ್ತಿದ್ದರು, ನಾನು ಇದನ್ನು ಕೇಳುತ್ತಿದ್ದೆ.

ಗೋದಾಮಿನ ಹಿಂದಿನ ಗಲ್ಲಿಯಲ್ಲಿ ದಸ್ತಗೀರ್ ಸಾಹೇಬರ ಗ್ಯಾರೇಜು. ಬಾಗಲಕೋಟೆಯ ಕಡೆಯವರು. ಪೆಟ್ರೋಲಿನ ಬೆಲೆ ಏಕಾಏಕಿ ಏರಿದ ಕಾಲ ಅದು. ದೊಡ್ಡ ದೊಡ್ಡ ಅಮೆರಿಕನ್ ಕಾರುಗಳ ಶೇಟ್‌ಗಳು ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿಕೊಳ್ಳುತ್ತಿದ್ದರು. ಹಾಗೆ ಕಿತ್ತ ಎಂಟು ಸಿಲಿಂಡರಿನ ಒಂದು ಎಂಜಿನ್ನನ್ನು ಶೇಟ್ ಒಬ್ಬರು ಸಾಹೇಬರಿಗೇ ಬಿಟ್ಟುಕೊಟ್ಟಿದ್ದರು. ಅವರು ಅದನ್ನು ಹಸಿರು ಬಟ್ಟೆ ಹೊದಿಸಿ ಮೂಲೆಯಲ್ಲಿಟ್ಟು, ಶುಕ್ರವಾರ ನಮಾಜಿನಿಂದ ಬಂದವರೇ ಎಣ್ಣೆ ಬಿಟ್ಟು ಕೈಯಿಂದ ಒಂದು ಸುತ್ತು ತಿರುಗಿಸುತ್ತಿದ್ದರು, ಜಡ ಹಿಡಿಯಬಾರದೆಂದು. ಅದಕ್ಕೆ ಗಾಡಿಯಿರಲಿಲ್ಲ. ನನ್ನ ಗಾಡಿಗೆ ಎಂಜಿನ್ ಇದ್ದೂ ಇಲ್ಲದಂತಿತ್ತು. ಇಂಥ ಜಾತಕ ಇನ್ನೆಲ್ಲಿ ಕೂಡಿಬರಬೇಕು?

ಕೇಳಿದಾಗ ಸಾಹೇಬರು ನಕ್ಕರು. "ಏನ್ರೀ ರಾಯರ, ಇದು ಹುಲಿ ಐತ್ರಿ. ಹುಲೀನ ತಂದು ಎಮ್ಮಿಗೆ ಕಟ್ಟಂತೀರೇನು?"

"ಎಮ್ಮೆಗೂ ಆಸೆ ಇರ್ತದಲ್ಲ ಸಾಹೇಬ್ರೇ" ಎಂದೆ.

ಎರಡು ತಿಂಗಳು ಬೆನ್ನು ಹತ್ತಿದೆ. ಕೊನೆಗೆ ಅವರು ಒಂದು ಷರತ್ತು ಹಾಕಿದರು. "ರೊಕ್ಕ ಬ್ಯಾಡ್ರಿ. ವರ್ಷಕ್ಕೊಮ್ಮೆ ಬಕ್ರೀದಿಗೆ ನಾಕ ದಿನ ಗಾಡಿ ನನಗ ಕೊಡ್ರಿ. ನಮ್ಮ ಬೀಬಿ ಮುಂದಿನ ಸೀಟಿನ್ಯಾಗ ಕುಂತು ತವರಿಗೆ ಹೋಗಬೇಕ್ರಿ. ಲಗ್ನಾದಾಗಿಂದ ಹೇಳಾಕತ್ತೀನಿ." ಆಗಲಿ ಎಂದು ಅವರ ಕೈಮೇಲೆ ಕೈಯಿಟ್ಟೆ. ಧನಿಗಳಿಗೆ ಮಾತ್ರ ಎಂಜಿನ್ ಬಿಟ್ಟಿ ಸಿಗುತ್ತದೆ ಎಂದಷ್ಟೇ ಹೇಳಿದೆ. ಬಿಟ್ಟಿ ಎಂಬ ಮಾತಿನ ಮುಂದೆ ಅವರು ಬೇರೇನನ್ನೂ ಕೇಳುವವರಲ್ಲ.

ಒಂದು ತಿಂಗಳು ಸಾಹೇಬರು ಆ ಜೀಪಿನ ಹೊಟ್ಟೆಯೊಳಗೇ ಇದ್ದರು. ಅಷ್ಟು ದಿನ ಹಿಟ್ಟು ಬಾಡಿಗೆ ಗಾಡಿಯಲ್ಲಿ ಹೋಯಿತು. ಬಾನೆಟ್ ಮುಚ್ಚಲಿಲ್ಲ, ಕೊಯ್ದರು. ರೇಡಿಯೇಟರನ್ನು ಮುಂದೆ ತಳ್ಳಿದರು. ಕೊನೆಗೆ ಶುರು ಮಾಡಿದಾಗ ಗಲ್ಲಿಯ ಪಾರಿವಾಳಗಳೆಲ್ಲ ಎದ್ದು ಹೋದವು. ನಾನು ಕೀಲಿಗೆ ಕೈಚಾಚಿದೆ. "ತಾಳ್ರೀ" ಎಂದರು. "ಇನ್ನೊಂದು ಎಂಟು ದಿನ. ಸೈಲೆನ್ಸರ್ ಪೈಪು ನಿಮ್ಮ ಡಬ್ಬಿ ಇಡೂ ಜಾಗದ ಕೆಳಗ ಹೊಂಟೈತಿ. ನಡುವ ತಗಡು ಹೊಡೀಬೇಕು. ಇಲ್ಲಾಂದ್ರ ಒಲಿ ಮ್ಯಾಲೆ ಇಟ್ಟಂಗ ಆಕ್ಕೈತಿ."

ಮರುದಿನ ಬೆಳಿಗ್ಗೆ ಅವರು ಬರುವ ಮೊದಲೇ ನಾನು ಗಾಡಿ ತೆಗೆದು ಹಿಟ್ಟಿನ ಡಬ್ಬಗಳನ್ನು ಹೇರಿಕೊಂಡು ಹೊರಟೆ.

ಜೋಗೇಶ್ವರಿಯ ಏರು! ಅದನ್ನು ಹೇಗೆ ಹೇಳಲಿ? ಕಾಲು ಒತ್ತಿದೆ ಅಷ್ಟೆ, ಏರು ತಾನೇ ಬಗ್ಗಿ ದಾರಿ ಬಿಟ್ಟಂತೆ ಆಯಿತು. ಹಾಲಿನ ಭಯ್ಯಾ ಕನ್ನಡಿಯಲ್ಲಿ ಚುಕ್ಕಿಯಾದ. ಅಷ್ಟು ಸುಖ ನನಗೆ ಮದುವೆಯ ದಿನವೂ ಆಗಿರಲಿಲ್ಲ (ಈ ವಾಕ್ಯವನ್ನು ಮನೆಯವಳಿಗೆ ಓದಿ ಹೇಳುವುದಿಲ್ಲ). ಗೋರೆಗಾಂವ್ ಹತ್ತಿರ ಒಂದು ಲಾರಿ ಅಡ್ಡಬಿದ್ದು ರಸ್ತೆ ಕಟ್ಟಿಹೋಗಿತ್ತು. ನಿಂತೆ. ಹುಲಿ ಗುರುಗುಟ್ಟುತ್ತಲೇ ಇತ್ತು. ಆಫ್ ಮಾಡಲು ನನಗೆ ಮನಸ್ಸಾಗಲಿಲ್ಲ. ಮೇ ತಿಂಗಳು. ಹಿಂದೆ ಢಬ್ ಎಂದಿತು. ಟೈರು ಎಂದುಕೊಂಡೆ. ಮತ್ತೆ ಢಬ್. ಇಳಿದು ಹಿಂದಿನ ಬಾಗಿಲು ತೆಗೆದೆ. ಉಬ್ಬಿ ಮುಚ್ಚಳ ಹಾರಿಸಿದ ಹದಿನಾರು ಡಬ್ಬದ ಹಿಟ್ಟು ಬಿಸಿಬಿಸಿಯಾಗಿ ನನ್ನ ಮೇಲೆ ಇಳಿದು ರಸ್ತೆಗೆ ಹರಿಯಿತು. ಅಷ್ಟರಲ್ಲಿ ಸೈಕಲ್ ಬೆಲ್ಲು.

"ಅರೆ ಅಣ್ಣಾ, ಆಪ್ ಭೀ ದೂಧ್ ಬೇಚ್ನೆ ಲಗೇ?" ನಾನೂ ಅವನಂತೆ ಹಾಲು ಮಾರತೊಡಗಿದೆನೇ ಎಂದು ಭಯ್ಯಾ ಕೇಳಿದ.

ಆ ದಿನ ಬೊರಿವಲಿಯಲ್ಲಿ ಗಿರಾಕಿಗಳು ಬ್ರೆಡ್ಡು ತಿಂದರು. ಧನಿಗಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಎಂತ ಮಾರಾಯಾ ಇದು? ಸರಿ ಮಾಡದ ಗಾಡಿ ತರ್ಲಿಕ್ಕೆ ಯಾರು ಹೇಳಿದ್ದು ನಿಂಗೆ?"

"ಮೆಕ್ಯಾನಿಕ್ಕೇ ಎಲ್ಲ ಸರಿಯಾಗಿದೆ ಅಂದ್ರು" ಎಂದೆ.

ಇದೇ ಆ ಸುಳ್ಳು. ಧನಿಗಳು ಎರಡೇ ದಿನದಲ್ಲಿ ಗಾಡಿಯನ್ನು ಎಂಜಿನ್ ಸಮೇತ ಠಾಣೆ ಊರಿನ ಕಲ್ಲುಕ್ವಾರಿಯವರಿಗೆ ಮಾರಿದರು. ನಮ್ಮವರಾರೂ ಆ ಗ್ಯಾರೇಜಿನ ಕಡೆ ಸುಳಿಯಬಾರದೆಂದು ಅಪ್ಪಣೆಯಾಯಿತು. ಅಪ್ಪಣೆ ಇಲ್ಲದಿದ್ದರೂ ನಾನು ಸುಳಿಯುತ್ತಿರಲಿಲ್ಲ. ಸುತ್ತುಹಾಕಿ ಬೇರೆ ಗಲ್ಲಿಯಿಂದ ಗೋದಾಮಿಗೆ ಹೋಗುತ್ತಿದ್ದೆ.

ಬಕ್ರೀದಿಗೆ ಮೂರು ದಿನ ಮೊದಲು ಗೋದಾಮಿನ ಬಾಗಿಲಲ್ಲಿ ಸಾಹೇಬರು ನಿಂತಿದ್ದರು. ಇಸ್ತ್ರಿ ಮಾಡಿದ ಪೈಜಾಮ. ಪಕ್ಕದಲ್ಲಿ ಹೊಸ ಬುರ್ಖಾದ ಬೀಬಿ, ಒಂದು ತಗಡಿನ ಟ್ರಂಕು, ರೊಟ್ಟಿಯ ಗಂಟು.

"ಗಾಡಿ ಎಲ್ಲೈತ್ರಿ ರಾಯರ?"

"ಧನಿಗಳು ಮಾರಿದ್ರು ಸಾಹೇಬ್ರೇ."

"ತಗಡು ಹೊಡೀಲಾರದ ಒಯ್ದದ್ದು ನೀವಂತ ಹೇಳಿದಿರೇನು ಅವರಿಗೆ?"

ನಾನು ಡಬ್ಬದ ಮುಚ್ಚಳಗಳನ್ನು ನೋಡಿದೆ. ಅವರಿಗೆ ಅಷ್ಟು ಸಾಕಾಯಿತು. ಬೀಬಿ ಟ್ರಂಕಿನ ಹಿಡಿ ಹಿಡಿದು, "ಚಲೋ ಜೀ, ರೇಲ್ ಕಾ ವಖತ್ ಹೋರಾ" ಎಂದು ರೈಲಿನ ಹೊತ್ತನ್ನು ನೆನಪಿಸಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಗಾಡಿ ಬರುತ್ತದೆಂದು ಮೊದಲಿನಿಂದಲೂ ಅವರು ನಂಬಿರಲಿಲ್ಲವೇನೋ. ಸಾಹೇಬರು ಎರಡು ಹೆಜ್ಜೆ ಹೋದವರು ತಿರುಗಿ ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಅದು ರಸ್ತೆದಾಗ ಓಡಿದ್ದು ನಾ ಕೇಳಲೇ ಇಲ್ಲ ನೋಡ್ರಿ. ಆವಾಜ್ ಹ್ಯಾಂಗಿತ್ರಿ, ಏರಿನ್ಯಾಗ?"

ಬಾಯಿಂದ ಆ ಸದ್ದನ್ನೇ ಮಾಡಿ ತೋರಿಸಿದೆ. ಮೊದಲು ಗಂಟಲಿನ ಗುಡುಗುಡು, ಆಮೇಲೆ ಗೇರು ಬದಲಿಸುವಾಗಿನ ಒಂದು ಉಸಿರು, ಮತ್ತೆ ಏರುತ್ತ ಏರುತ್ತ ಹೋಗುವ ಆ ಗರ್ಜನೆ. ಆಂಟಾಪ್ ಹಿಲ್‌ನ ಫುಟ್‌ಪಾತಿನಲ್ಲಿ ಜನ ನಿಂತು ನೋಡಿದರು. ಸಾಹೇಬರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಮೂರನೇ ಗೇರಿಗೆ ಸ್ವಲ್ಪ ಅವಸರ ಮಾಡೀರಿ" ಎಂದು ಟ್ರಂಕು ಹೆಗಲಿಗೆ ಹಾಕಿಕೊಂಡು ಹೋದರು. ಮರುವರ್ಷ ಆ ಗ್ಯಾರೇಜು ಇರಲಿಲ್ಲ. ಹೋದದ್ದೆಲ್ಲಿಗೆಂದು ಹೇಳುವವರೂ ಸಿಗಲಿಲ್ಲ.

ಧನಿಗಳು ಕಾಲವಾದರು. ನಾನೀಗ ಬೊರಿವಲಿಯ ಬಿಲ್ಡಿಂಗಿನ ಗ್ಯಾಲರಿಯಲ್ಲಿ ಕೂತು, ಯಾರೂ ಇಲ್ಲದಾಗ ಆ ಸದ್ದನ್ನು ಮಾಡಿ ನೋಡುತ್ತೇನೆ. ಮೂರನೇ ಗೇರಿನಲ್ಲಿ ಅವಸರ ಮಾಡದೆ. ಒಳಗಿನಿಂದ ಮನೆಯವಳು ಕೆಮ್ಮು ಹೆಚ್ಚಾಯಿತೆಂದು ಶುಂಠಿ ಕಷಾಯ ತಂದಿಡುತ್ತಾಳೆ. ಎಂಟು ಸಿಲಿಂಡರನ್ನು ಬೀದಿಯಲ್ಲಿ ಓಡಿಸಿದ ಈ ಬಾಯಿಯಿಂದ ಧನಿಗಳ ಮುಂದೆ "ತಪ್ಪು ನನ್ನದು" ಎಂದು ಎರಡು ಮಾತು ಹೊರಡಲಿಲ್ಲ. ಇವಳಿಗೂ ಇದು ಕೆಮ್ಮಲ್ಲವೆಂದು ಇನ್ನೂ ಹೇಳಿಲ್ಲ. ಕಷಾಯ ಕುಡಿಯುತ್ತಿದ್ದೇನೆ.