ಗದ್ದದ ಕೆಳಗಿನ ಬಹುಮತ

ಕ್ಷೌರದಂಗಡಿಯ ಯಜಮಾನರಿಗೆ ಸಿಟ್ಟು ಬಂದದ್ದು ಸುಮ್ಮನೆ ಅಲ್ಲ. ಅಂಗಡಿಯ ಮುಂದಿನ ಚರಂಡಿಗೆ ಚಪ್ಪಡಿ ಇರಲಿಲ್ಲ. ಒಳಗೆ ಬರಬೇಕಾದರೆ ಗಿರಾಕಿ ಕಪ್ಪೆಯಂತೆ ನೆಗೆಯಬೇಕು. ವಯಸ್ಸಾದವರು ನೆಗೆಯಲಾರದೆ ಬರುವುದನ್ನೇ ಬಿಟ್ಟಿದ್ದರು, ವ್ಯಾಪಾರ ಅರ್ಧಕ್ಕಿಳಿದಿತ್ತು. ವಾರ್ಡಿನ ಕೌನ್ಸಿಲರರು ವರ್ಷಗಟ್ಟಲೆ "ಆಗಲಿ, ನೋಡೋಣ" ಎಂದದ್ದೇ ಬಂತು. ಕೊನೆಗೆ ಯಜಮಾನರು, ಈ ಸಲ ಚುನಾವಣೆಗೆ ತಾವೇ ನಿಲ್ಲುವುದೆಂದು ಊಟದ ಹೊತ್ತಿನಲ್ಲಿ ಘೋಷಿಸಿದರು.

ಓಟು ಹಾಕುವವರು ಯಾರು ಎಂದು ಹೆಂಡತಿ ಕೇಳಿದಳು.

"ಎಲ್ಲರೂ ಕಣೇ. ಕುರ್ಚಿಯಲ್ಲಿ ಕೂತವರನ್ನೆಲ್ಲ ಕೇಳಿದ್ದೇನೆ. ಒಬ್ಬನೂ ಇಲ್ಲ ಅನ್ನಲಿಲ್ಲ."

"ಗಂಟಲ ಮೇಲೆ ಕತ್ತಿ ಇಟ್ಟುಕೊಂಡು ಕೇಳಿದರೆ ಯಾರು ರೀ ಇಲ್ಲ ಅಂತಾರೆ? ಮುಖ ತೊಳೆದ ಮೇಲೆ ಕೇಳಿ."

ಇದು ತಮ್ಮ ವೃತ್ತಿಗೇ ಆದ ಅವಮಾನವೆಂದು ಯಜಮಾನರು ಭಾವಿಸಿದರು. ಮನೆಮನೆಗೆ ಹೋಗಿ ಕೈಮುಗಿಯುವುದು ಸೋಲುವವರ ಲಕ್ಷಣವೆಂದು ಸಾರಿ, ಅಂಗಡಿಯಲ್ಲೇ ಪ್ರಚಾರಕ್ಕೆ ತೊಡಗಿದರು. ನೊರೆ ಹಚ್ಚುವಾಗ ಸಮಸ್ಯೆ, ಕತ್ತಿ ಆಡಿಸುವಾಗ ಭರವಸೆ. ಗಿರಾಕಿಗಳು ಉಸಿರು ಬಿಗಿಹಿಡಿದು "ಹ್ಞೂಂ" ಎಂದರು. (ಒಬ್ಬ ಕೆಮ್ಮಿದ, ಅದನ್ನೂ ಅವರು ಹರ್ಷೋದ್ಗಾರಕ್ಕೇ ಸೇರಿಸಿಕೊಂಡರು.) ಅತ್ತ ಹೆಂಡತಿ ಬೀದಿಯ ಮನೆಮನೆಗೂ ಓಡಾಡುತ್ತಿದ್ದಳು. ಬಾಯಲ್ಲಿ ಏನೇ ಅನ್ನಲಿ, ಕರುಳು ಕೇಳಬೇಕಲ್ಲ ಎಂದು ಯಜಮಾನರು ಮೀಸೆ ತಿರುವಿದರು.

ಎಣಿಕೆಯಾದಾಗ ಹಳೆಯ ಕೌನ್ಸಿಲರರೇ ಗೆದ್ದಿದ್ದರು. ಯಜಮಾನರಿಗೆ ಓಟು ಹಾಕಿದವರು ಅಂಗಡಿಯ ಬೆಂಚಿನ ಮೇಲೆ ಆರಾಮವಾಗಿ ಕೂರುವಷ್ಟಿದ್ದರು. ಆದರೂ ಅವರು ತಲೆ ತಗ್ಗಿಸಲಿಲ್ಲ. ತಲೆ ತಗ್ಗಿಸುವುದು ಗಿರಾಕಿಗಳ ಕೆಲಸ ಎಂದು ಹೇಳಿ, ಮರುದಿನ ಎಂದಿಗಿಂತ ಮುಂಚೆಯೇ ಅಂಗಡಿ ತೆರೆದರು.

ಮೊದಲು ಬಂದವರೇ ಕೌನ್ಸಿಲರರು. ಹಿಂದೆ ಚಪ್ಪಡಿ ಹೊತ್ತ ಆಳುಗಳು.

"ಅಕ್ಕನಿಗೆ ಕೊಟ್ಟ ಮಾತು, ಯಜಮಾನರೇ. ಗೆದ್ದ ಮರುದಿನವೇ ಕಲ್ಲು ಹಾಕಿಸಬೇಕು ಅಂದಿದ್ದರು. ಬೀದಿಯ ಹೆಂಗಸರ ಓಟನ್ನೆಲ್ಲ ನನಗೆ ಹಾಕಿಸಿದವರು ಅವರೇ ಅಲ್ಲವೇ?"

ಯಜಮಾನರು ಕತ್ತಿಯನ್ನು ಕೆಳಗಿಟ್ಟು ನೆಟ್ಟಗೆ ಮನೆಗೆ ನಡೆದರು. ಒಗೆದ ಬಟ್ಟೆ ಹರವುತ್ತಿದ್ದ ಹೆಂಡತಿ, ಕೇಳಿದ್ದೇ ತಡ, ಒಪ್ಪಿಕೊಂಡುಬಿಟ್ಟಳು. ನೀವು ನಿಂತದ್ದರಿಂದಲೇ ಅವರಿಗೆ ಭಯ ಹುಟ್ಟಿತು, ಭಯ ಹುಟ್ಟಿದ್ದರಿಂದಲೇ ಮಾತು ಕೊಟ್ಟರು ಎಂದು ಸಮಾಧಾನವನ್ನೂ ಹೇಳಿದಳು.

"ನೋಡ್ತಾ ಇರು, ಮುಂದಿನ ಸಲವೂ ನಿಲ್ಲುತ್ತೇನೆ" ಎಂದು ಯಜಮಾನರು ಗುಡುಗಿದರು.

"ಖಂಡಿತ ನಿಲ್ಲಿ" ಎಂದಳು ಹೆಂಡತಿ, ಹೊದಿಕೆಯನ್ನು ಕೊಡವುತ್ತ. "ಬೀದಿ ದೀಪವೊಂದು ಆಗಬೇಕಾಗಿದೆ."