ಮೂರರಿಂದ ನಾಲ್ಕರವರೆಗೆ

ಕಂಪ್ಯೂಟರಣ್ಣನಿಗೆ ಆ ದಿನ ಬೇಕಾಗಿದ್ದದ್ದು ಒಂದೇ ಒಂದು ಗಂಟೆಯ ನಿದ್ದೆ. ಮನೆಯಲ್ಲಿ ಎರಡು ತಿಂಗಳ ಅವಳಿ ಹೆಣ್ಣುಮಕ್ಕಳು. ಪಾಳಿ ಹಾಕಿಕೊಂಡವರಂತೆ ಒಬ್ಬಳು ಮಲಗಿದ ಕೂಡಲೇ ಇನ್ನೊಬ್ಬಳು ರಾಗ ಎಳೆಯುತ್ತಿದ್ದಳು. ನೀರು ಸರಬರಾಜು ಕಚೇರಿಯ ಅರವತ್ತು ಕಂಪ್ಯೂಟರುಗಳೂ ಅವನ ಉಸ್ತುವಾರಿಯಲ್ಲಿದ್ದವು. ಬೆಳಿಗ್ಗೆ ಕಚೇರಿಗೆ ಬಂದಾಗ ನಿದ್ದೆಗಣ್ಣಿಗೆ ಮೆಟ್ಟಿಲುಗಳು ನೀರಿನ ಮೇಲೆ ತೇಲುತ್ತಿರುವಂತೆ ಕಂಡವು.

ಕುರ್ಚಿಯಲ್ಲಿ ಕೂರುವ ಮುಂಚೆಯೇ ಫೋನು.

“ಕಂಪ್ಯೂಟರಣ್ಣಾ, ನಂದು ಸತ್ತೇ ಹೋಗಿದೆ!” ಎಂದರು ಟೈಪಿಸ್ಟ್ ಅಕ್ಕ.

“ಸ್ವಿಚ್ ಹಾಕಿದ್ದೀರಾ ಅಕ್ಕಾ?”

“ಅಯ್ಯೋ, ಅದನ್ನೂ ನಾನೇ ಹಾಕ್ಬೇಕಾ?”

ಅದು ಮುಗಿಯುವಷ್ಟರಲ್ಲಿ ದಾಖಲೆ ವಿಭಾಗದ ಹಿರಿಯ ಗುಮಾಸ್ತರು. ಆಕಳಿಸುವುದನ್ನೂ ಅವಸರದಲ್ಲೇ ಮಾಡುತ್ತಿದ್ದ ಅವರಿಗೆ ತುರ್ತುರಾಯರೆಂದೇ ಹೆಸರು. “ತುರ್ತು! ನನ್ನ ಕಂಪ್ಯೂಟರು ತಾನೇ ‘ಝಝಝಝ’ ಅಂತ ಬರ್ಕೊಳ್ತಿದೆ. ದೆವ್ವ ಹೊಕ್ಕಿದೆ!”

ಎರಡು ಮಹಡಿ ಹತ್ತಿ ಹೋಗಿ ನೋಡಿದರೆ ಕೀಲಿಮಣೆಯ ಮೇಲೆ ದಿಂಬಿನಷ್ಟು ದಪ್ಪದ ಕಡತ ಮಲಗಿತ್ತು. ಅದರ ಅದೃಷ್ಟಕ್ಕೆ ಕರುಬುತ್ತ ಎತ್ತಿಟ್ಟ. ದೆವ್ವ ಇಳಿಯಿತು.

“ಏನು ಮಂತ್ರ ಹಾಕಿದ್ರಿ?” ರಾಯರು ಕೈ ಮುಗಿದರು.

ಮಧ್ಯಾಹ್ನದೊಳಗೆ ಇಂಥವು ಹದಿನೇಳಾದವು. ಕೊನೆಗೆ ಎಲ್ಲರಿಗೂ ಒಂದು ಸೂಚನೆ ಕಳಿಸಿದ: ‘ದುರಸ್ತಿಗಾಗಿ ಇಂದು ಮೂರರಿಂದ ನಾಲ್ಕರವರೆಗೆ ಎಲ್ಲ ಕಂಪ್ಯೂಟರುಗಳೂ ನಿಲ್ಲುತ್ತವೆ. ಯಾರೂ ಮುಟ್ಟಬಾರದು.’ ನಿಜವಾಗಿ ಅವನು ಏನನ್ನೂ ನಿಲ್ಲಿಸಲಿಲ್ಲ. ಮೂರಕ್ಕೆ ತನ್ನ ಕೋಣೆಯ ಬಾಗಿಲು ಹಾಕಿ, ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿ ಮಲಗಿದ.

ಮತ್ತೆ ಫೋನು. “ತುರ್ತು! ನಿಲ್ಲಿಸಿದ್ದೀರಂತೆ, ನಂದು ಇನ್ನೂ ಓಡ್ತಾನೇ ಇದೆ!”

“ಅದು... ಮುಂಚಿನ ಓಟದ ಬಲ ರಾಯರೇ. ಬಟ್ಟೆ ಮುಚ್ಚಿ, ತಾನಾಗೇ ನಿಲ್ಲುತ್ತೆ.”

ಆಮೇಲೆ ಎಲ್ಲವೂ ನಿಶ್ಶಬ್ದ. ಆದರೆ ಯಾರಾದರೂ ಅಳದಿದ್ದರೆ ನಿದ್ದೆ ಮಾಡುವುದೇ ಅವನಿಗೆ ಮರೆತುಹೋಗಿತ್ತು. ಹೊರಳಾಡಿ ಸಾಕಾಗಿ, ಎದ್ದು ಮೆಲ್ಲನೆ ಹೊರಗೆ ಬಂದ.

ಕಚೇರಿಗೆ ಕಚೇರಿಯೇ ಬೇರೆ ಯಾವುದೋ ಲೋಕಕ್ಕೆ ಹೋಗಿತ್ತು. ಓರೆಬಿಸಿಲಿನಲ್ಲಿ ಧೂಳಿನ ಕಣಗಳು ಯಾವ ಆತುರವೂ ಇಲ್ಲದೆ ತೇಲುತ್ತಿದ್ದವು. ತುರ್ತುರಾಯರು ಪರದೆಗೆ ಶಾಲು ಹೊದಿಸಿ, ಕೂಸು ಮಲಗಿಸಿದವರಂತೆ ತುಟಿಗೆ ಬೆರಳಿಟ್ಟು ಕೂತಿದ್ದರು. ಟೈಪಿಸ್ಟ್ ಅಕ್ಕ ಕಿಟಕಿಯಾಚೆಯ ಮೋಡ ನೋಡುತ್ತ ಏನನ್ನೋ ಗುನುಗುತ್ತಿದ್ದರು. ಹತ್ತು ವರ್ಷ ಬರೀ ದೂರು ಕೇಳಿದ್ದ ಅವನಿಗೆ ಆ ದನಿ ಇಷ್ಟು ಇಂಪೆಂದು ಗೊತ್ತೇ ಇರಲಿಲ್ಲ. ಕಂಬಕ್ಕೊರಗಿ ನಿಂತ. ರೆಪ್ಪೆಗಳು ಭಾರವಾದವು. ಕಂಬ ಮೋಡದಷ್ಟು ಮೆತ್ತಗಾಯಿತು. ಇನ್ನೇನು ಕಣ್ಣು ಮುಚ್ಚಬೇಕು, ಗಡಿಯಾರ ನಾಲ್ಕು ಹೊಡೆಯಿತು. ಅದರ ಬೆನ್ನಿಗೇ ಮೇಲಧಿಕಾರಿಯಿಂದ ಕರೆ.

‘ಸಿಕ್ಕಿಬಿದ್ದೆ’ ಅಂದುಕೊಂಡು ಒಳಗೆ ಹೋದ.

“ಎಷ್ಟು ನೆಮ್ಮದಿಯಾಗಿತ್ತು ಗೊತ್ತಾ!” ಎಂದರು ಮೇಡಂ. “ನಾಳೆಯಿಂದ ದಿನಾ ಹೀಗೇ ಒಂದು ಗಂಟೆ ನಿಲ್ಲಿಸಿಬಿಡಿ.”

ದಿನಕ್ಕೊಂದು ಗಂಟೆ! ಅವನ ಕಣ್ಣು ತುಂಬಿ ಬಂತು. “ಖಂಡಿತ ಮೇಡಂ!”

“ಆ ಹೊತ್ತಲ್ಲಿ ನೀವೂ ಖಾಲಿ ತಾನೇ? ಎಲ್ಲರಿಗೂ ಕಂಪ್ಯೂಟರ್ ಪಾಠ ಹೇಳಿಕೊಡಿ. ರಾಯರು ಆಗಲೇ ಒಂಬತ್ತು ಪುಟ ಪ್ರಶ್ನೆ ಬರೆದಿದ್ದಾರೆ.”

“ಕಂಪ್ಯೂಟರೇ ನಿಂತಿರುತ್ತಲ್ಲ ಮೇಡಂ, ಪಾಠ ಹೇಗೆ...?”

ಒಂದೂ ನಿಂತಿರಲಿಲ್ಲ ಎಂಬ ಸತ್ಯ ನಾಲಿಗೆಯ ತುದಿಗೆ ಬಂದು, ಹೆದರಿ ಹಿಂದಿರುಗಿತು.

“ಬಾಯಲ್ಲೇ ಹೇಳಿ,” ಎಂದರು ಮೇಡಂ. “ಮುಟ್ಟೋಕೆ ಕೊಟ್ರೆ ಕೆಡಿಸ್ತಾರೆ.”